‘ಸಫ್ರೇಜ್’ ಪದದ ಬೇರು ಹಿಡಿಯುವುದು ಹೇಗೆ?

ಪರೀಕ್ಷೆಗೆ ಓದುತ್ತಿದ್ದ ಅಕ್ಕನ ಮಗಳು ಒಂದು ದಿನ ಹಾಳೆ ಹಿಡಿದು ಬಂದಳು. ಇಂಗ್ಲಿಷ್ ಪ್ಯಾರಾ ಒಂದನ್ನು ಕನ್ನಡಕ್ಕೆ ತಂದಿದ್ದಳು. ಭಾಷೆ ಚೆನ್ನಾಗಿತ್ತು. ಆದರೆ ನಡುವೆ ಒಂದು ಕಡೆ ‘ಮಹಿಳೆಯರ ನರಳಾಟದ ಚಳವಳಿ’ ಎಂದಿತ್ತು. ಮೂಲದಲ್ಲಿ ಇದ್ದದ್ದು ‘ವಿಮೆನ್ಸ್ ಸಫ್ರೇಜ್ ಮೂವ್‌ಮೆಂಟ್’.

“ಸಫರ್ ಅಂದ್ರೆ ನರಳೋದು ಅಲ್ವಾ ಮಾಮ?” ಅಂದಳು.

ಅವಳನ್ನು ತಪ್ಪು ಎನ್ನುವುದು ಹೇಗೆ? ಎರಡು ಪದಗಳ ಮೊದಲ ನಾಲ್ಕು ಅಕ್ಷರ ಒಂದೇ. ಇನ್ನು ನಮ್ಮ ಎಷ್ಟೋ ಗೈಡುಗಳಲ್ಲಿ ‘ಸಫ್ರೇಜ್ = ಮತದಾನ’ ಎಂದು ಒಂದೇ ಮಾತಿನಲ್ಲಿ ಮುಗಿಸಿರುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಅವತ್ತು ಅವಳ ಜೊತೆ ಕೂತು ಈ ಒಂದು ಪದವನ್ನು ಹಂತ ಹಂತವಾಗಿ ಬಿಡಿಸಿದೆ. ಅದೇ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವುದು ಪದದ ಮೂಲ ತೋರಿಸುವ ಒಂದು ಒಳ್ಳೆಯ ಇಂಗ್ಲಿಷ್ ನಿಘಂಟು, ನಮ್ಮ ಸಂವಿಧಾನದ ಪ್ರತಿ, ಒಂದು ನೋಟ್‌ಬುಕ್. ಒಂದು ಗಂಟೆ ಸಾಕು.

ಮೊದಲ ಹೆಜ್ಜೆ: ಹೋಲುವ ಪದದಿಂದ ಬಿಡಿಸಿಕೊಳ್ಳಿ

ನೋಟ್‌ಬುಕ್ಕಿನಲ್ಲಿ ಎರಡು ಪದಗಳನ್ನೂ ಅಕ್ಕಪಕ್ಕ ಬರೆಯಿರಿ. ‘ಸಫರ್’ ಪದದಲ್ಲಿ ಎರಡು ಎಫ್ ಆದ ಮೇಲೆ ಇ ಬರುತ್ತದೆ, ಆಮೇಲೆ ಆರ್. ‘ಸಫ್ರೇಜ್’ ಪದದಲ್ಲಿ ಎರಡು ಎಫ್ ಆದ ಕೂಡಲೇ ಆರ್. ಆ ಒಂದು ಇ ಇಲ್ಲದಿರುವುದೇ ಗುರುತು.

ಎರಡೂ ಲ್ಯಾಟಿನ್ ಮೂಲದವು. ಎರಡರ ಮುಂದೆಯೂ ‘ಸಬ್’ ಇದೆ, ಅಂದರೆ ಕೆಳಗೆ. ಎಫ್ ಮುಂದೆ ಬಂದಾಗ ಅದು ‘ಸಫ್’ ಆಗಿದೆ. ಸಫರ್‌ನ ಇನ್ನೊಂದು ಭಾಗ ‘ಫೆರ್ರೆ’, ಅಂದರೆ ಹೊರುವುದು. ಭಾರದ ಕೆಳಗೆ ನಿಂತು ಹೊರುವವನು ನರಳುತ್ತಾನೆ. ಸಫ್ರೇಜ್‌ನಲ್ಲಿ ಈ ಹೊರುವ ಮಾತೇ ಇಲ್ಲ. ಉಚ್ಚಾರದ ಬಗ್ಗೆ ಒಂದು ಮಾತು: ವಿಲೇಜ್, ಮ್ಯಾರೇಜ್ ಎಂದ ಹಾಗೆ ನಾವು ಸಫ್ರೇಜ್ ಎನ್ನುತ್ತೇವೆ. ಇಂಗ್ಲಿಷರ ಬಾಯಲ್ಲಿ ಅದು ‘ಸಫ್ರಿಜ್’.

ಎರಡನೇ ಹೆಜ್ಜೆ: ಪದ ಕೆಲಸ ಮಾಡುವ ಜಾಗಕ್ಕೆ ಹೋಗಿ ನೋಡಿ

ನಿಘಂಟು ತೆರೆಯುವ ಮೊದಲು ಸಂವಿಧಾನ ತೆರೆಯಿರಿ. 326ನೇ ವಿಧಿ. ಲೋಕಸಭೆಗೂ ಪ್ರತಿ ರಾಜ್ಯದ ವಿಧಾನಸಭೆಗೂ ಚುನಾವಣೆ ‘ಅಡಲ್ಟ್ ಸಫ್ರೇಜ್’ ಆಧಾರದ ಮೇಲೆ ನಡೆಯಬೇಕು ಎಂದು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ‘ಅಂದರೆ’ ಎಂದು ಶುರುಮಾಡಿ ತಾನೇ ಅರ್ಥ ಬಿಡಿಸುತ್ತದೆ. ಕಾನೂನಿನ ಭಾಷೆಯಲ್ಲಿ ಇಷ್ಟು ನೇರವಾದ ವಿವರಣೆ ಅಪರೂಪ.

ಏನದು ವಿವರಣೆ? ಭಾರತದ ಪ್ರಜೆಯಾಗಿದ್ದು 18 ವರ್ಷಕ್ಕೆ ಕಡಿಮೆ ಇಲ್ಲದ ಪ್ರತಿಯೊಬ್ಬರೂ ಮತದಾರರಾಗಿ ಹೆಸರು ನೋಂದಾಯಿಸಿಕೊಳ್ಳಲು ಹಕ್ಕುಳ್ಳವರು. ಆ ಕ್ಷೇತ್ರದಲ್ಲಿ ವಾಸ ಇಲ್ಲದಿರುವುದು, ಬುದ್ಧಿಭ್ರಮಣೆ, ಅಪರಾಧ, ಚುನಾವಣಾ ಅಕ್ರಮ, ಇಂಥ ಕೆಲವು ಕಾರಣಕ್ಕೆ ಕಾನೂನು ಹೊರಗಿಟ್ಟವರನ್ನು ಬಿಟ್ಟು.

ಈ ಸಾಲನ್ನು ಇನ್ನೊಮ್ಮೆ ಓದಿ. ಇಲ್ಲಿ ಬಟನ್ ಒತ್ತುವ ಮಾತಿಲ್ಲ, ಕ್ಯೂ ಇಲ್ಲ, ಚುನಾವಣೆಯ ದಿನವೂ ಇಲ್ಲ. ಇರುವುದು ಪಟ್ಟಿಯಲ್ಲಿ ಹೆಸರು ಬರೆಸುವ ಹಕ್ಕು. ಸಫ್ರೇಜ್ ಅಂದರೆ ಅದು. ನನ್ನ ಮಟ್ಟಿಗೆ ಈ ಪದದ ತಿರುಳೇ ಇದು. ‘ಮತದಾನ’ ಎಂದು ಬರೆದಾಗ ಕೈ ತಪ್ಪಿಹೋಗುವುದೂ ಇದೇ.

ಪರೀಕ್ಷೆಗೆ ಓದುವವರು ಎರಡು ವಿಷಯ ಗುರುತು ಹಾಕಿಕೊಳ್ಳಿ. ಮೊದಲು ಇಲ್ಲಿ 21 ವರ್ಷ ಎಂದಿತ್ತು. 61ನೇ ತಿದ್ದುಪಡಿಯಿಂದ 1989ರಲ್ಲಿ 18 ಆಯಿತು. ಇನ್ನೊಂದು, 326ನೇ ವಿಧಿ ಇರುವುದು ಚುನಾವಣೆಗಳ ಬಗೆಗಿನ 15ನೇ ಭಾಗದಲ್ಲಿ, ಮೂಲಭೂತ ಹಕ್ಕುಗಳ 3ನೇ ಭಾಗದಲ್ಲಿ ಅಲ್ಲ. ಇಲ್ಲಿ ಎಡವುವವರು ಜಾಸ್ತಿ.

ಮೂರನೇ ಹೆಜ್ಜೆ: ಅರ್ಥಗಳಿಗೆ ಇಸವಿ ಹಾಕಿ

ಈಗ ನಿಘಂಟು. ಒಂದೊಂದು ಅರ್ಥದ ಎದುರು ಅದು ಯಾವಾಗ ಬಂತು ಎಂದು ಬರೆದುಕೊಳ್ಳುತ್ತ ಹೋಗಿ. ಇವತ್ತಿನಿಂದ ಹಿಂದಕ್ಕೆ ಹೋಗುವುದು ಸುಲಭ.

ಮತ ಹಾಕುವ ಹಕ್ಕು ಎಂಬ ಅರ್ಥ 1787ರಲ್ಲಿ ಬರೆದ ಅಮೆರಿಕದ ಸಂವಿಧಾನದಲ್ಲಿ ಕಾಣುತ್ತದೆ. ಯಾವ ರಾಜ್ಯವನ್ನೂ ಅದರ ಒಪ್ಪಿಗೆ ಇಲ್ಲದೆ ಸೆನೆಟ್‌ನಲ್ಲಿನ ‘ಸಮಾನ ಸಫ್ರೇಜ್’ನಿಂದ ತಪ್ಪಿಸುವಂತಿಲ್ಲ ಎಂದು ಅಲ್ಲಿದೆ. ಅದಕ್ಕೂ ಹಿಂದೆ, 1530ರ ದಶಕದ ಇಂಗ್ಲಿಷಿನಲ್ಲಿ, ಅದು ಒಂದು ಮತ, ಒಂದು ಓಟು. ಇನ್ನೂ ಹಿಂದಕ್ಕೆ, 14ನೇ ಶತಮಾನದ ಕೊನೆಗೆ ಹೋದರೆ ಅದು ಪ್ರಾರ್ಥನೆ!

ಅಕ್ಕನ ಮಗಳು ಇಲ್ಲಿ ಪೆನ್ ಕೆಳಗಿಟ್ಟಳು. ಪ್ರಾರ್ಥನೆಗೂ ಓಟಿಗೂ ಎಲ್ಲಿಯ ಸಂಬಂಧ? ನನಗೂ ಮೊದಲು ಹಾಗೇ ಅನಿಸಿತ್ತು. ಇನ್ನೊಬ್ಬರ ಪರವಾಗಿ ದೇವರಲ್ಲಿ ಬೇಡಿಕೊಳ್ಳುವುದನ್ನು ಆಗ ಸಫ್ರೇಜ್ ಎನ್ನುತ್ತಿದ್ದರು. ಇಂಗ್ಲೆಂಡಿನ ಚರ್ಚುಗಳಲ್ಲಿ ಪಾದ್ರಿ ಒಂದು ಸಾಲು, ಜನ ಒಂದು ಸಾಲು ಹೇಳುವ ಸಣ್ಣ ಪ್ರಾರ್ಥನೆಗಳಿಗೆ ಈಗಲೂ ಆ ಹೆಸರಿದೆ. ಪ್ರಾರ್ಥನೆ ಮತ್ತು ಮತದ ನಡುವಿನ ಸೇತುವೆ ಬೇಕಾದರೆ ರೋಮ್‌ಗೆ ಹೋಗಬೇಕು.

ನಾಲ್ಕನೇ ಹೆಜ್ಜೆ: ರೋಮ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ಲ್ಯಾಟಿನ್‌ನಲ್ಲಿ ಪದ ‘ಸುಫ್ರಾಗಿಯುಮ್’. ಬೆಂಬಲ, ಮತ, ಮತ ಹಾಕುವ ಹಕ್ಕು, ಮೂರೂ ಅದರಲ್ಲಿ ಸೇರಿತ್ತು.

ಆ ಮತ ಹೇಗೆ ಹಾಕುತ್ತಿದ್ದರು ಎಂದು ಕಣ್ಣಿಗೆ ಕಟ್ಟಿಕೊಂಡರೆ ಪದ ಮರೆಯುವುದಿಲ್ಲ. ಮೊದಲು ಪ್ರತಿಯೊಬ್ಬನೂ ಅಧಿಕಾರಿಯ ಮುಂದೆ ಬಂದು ಬಾಯಿಬಿಟ್ಟು ಹೇಳಬೇಕಿತ್ತು. ಯಾರಿಗೆ ಹೇಳಿದ ಎಂದು ಧಣಿಗೆ ಕೇಳಿಸುತ್ತಿತ್ತು. ಕ್ರಿ.ಪೂ. 139ರ ಒಂದು ಕಾನೂನು ಅಧಿಕಾರಿಗಳ ಚುನಾವಣೆಗೆ ಗುಟ್ಟಿನ ಮತ ತಂದಿತು. ಮೇಣ ಬಳಿದ ಸಣ್ಣ ಮರದ ಹಲಗೆಯ ಮೇಲೆ ಗೀಚಿ ಬುಟ್ಟಿಗೆ ಹಾಕುವುದು. ಕ್ರಿ.ಪೂ. 113ರ ಸುಮಾರಿನ ಒಂದು ಬೆಳ್ಳಿ ನಾಣ್ಯದ ಮೇಲೆ ಆ ನೋಟ ಇದೆ. ಕಿರಿದಾದ ಕಟ್ಟೆಯಂಥ ಸೇತುವೆ. ಅದರ ಮೇಲೆ ಇಬ್ಬರು. ಒಬ್ಬ ಕೆಳಗೆ ನಿಂತವನ ಕೈಯಿಂದ ಹಲಗೆ ಇಸಿದುಕೊಳ್ಳುತ್ತಿದ್ದಾನೆ, ಇನ್ನೊಬ್ಬ ತನ್ನದನ್ನು ಬುಟ್ಟಿಗೆ ಹಾಕುತ್ತಿದ್ದಾನೆ. ಎರಡು ಸಾವಿರ ವರ್ಷ ಹಳೆಯ ಮತಗಟ್ಟೆ, ಒಂದು ಬೆರಳಗಲದ ಬೆಳ್ಳಿಯ ಮೇಲೆ.

ಈಗ ಮುಖ್ಯ ವಿಷಯ. ರೋಮನ್ನರು ಕ್ರಿ.ಪೂ. 338ರಲ್ಲಿ ಇಟಲಿಯ ಕಾಪುವಾ ಮೊದಲಾದ ಊರಿನವರಿಗೆ ಒಂದು ವಿಚಿತ್ರ ಪೌರತ್ವ ಕೊಟ್ಟರು. ಅದರ ಹೆಸರು ‘ಕಿವಿತಾಸ್ ಸಿನೆ ಸುಫ್ರಾಗಿಯೊ’. ಅಂದರೆ ಸಫ್ರೇಜ್ ಇಲ್ಲದ ಪೌರತ್ವ. ತೆರಿಗೆ ಕಟ್ಟಬೇಕು, ಸೈನ್ಯಕ್ಕೆ ಗಂಡುಮಕ್ಕಳನ್ನು ಕಳಿಸಬೇಕು, ಆದರೆ ರೋಮ್‌ನ ಚುನಾವಣೆಯಲ್ಲಿ ಮಾತಿಲ್ಲ. ಅರ್ಪಿನುಮ್ ಎಂಬ ಊರಿಗೂ ಮೊದಲು ಸಿಕ್ಕಿದ್ದು ಇಂಥದ್ದೇ. ಪೂರ್ತಿ ಹಕ್ಕು ಬರಲು ಕ್ರಿ.ಪೂ. 188ರವರೆಗೆ ಕಾಯಬೇಕಾಯಿತು. ಮುಂದೆ ಆ ಊರಲ್ಲೇ ಹುಟ್ಟಿದ ಹೆಸರಾಂತ ಮಾತುಗಾರ ಸಿಸೆರೊ ರೋಮ್‌ನ ಅತಿ ದೊಡ್ಡ ಹುದ್ದೆಯಾದ ಕಾನ್ಸಲ್ ಆದ.

ಒಂದು ಊರಿನ ಜನಕ್ಕೆ ಸಫ್ರೇಜ್ ಇದೆ ಅಥವಾ ಇಲ್ಲ ಎಂದು ಅವರು ಹೇಳುತ್ತಿದ್ದರು. ಚುನಾವಣೆ ಇಲ್ಲದ ದಿನವೂ ಅದು ಇರುವಂಥದ್ದು, ಅಥವಾ ಇಲ್ಲದಿರುವಂಥದ್ದು. ನಮ್ಮ 326ನೇ ವಿಧಿಯ ಅರ್ಥ ಆಗಲೇ ಇಲ್ಲಿದೆ ನೋಡಿ.

ಆಮೇಲೆ ರೋಮ್‌ಗೆ ಚಕ್ರವರ್ತಿಗಳು ಬಂದರು. ಚುನಾವಣೆಗಳು ಹೆಸರಿಗೆ ಉಳಿದವು, ಕೊನೆಗೆ ಅದೂ ಹೋಯಿತು. ಪದ ಮಾತ್ರ ಹೋಗಲಿಲ್ಲ. ಹುದ್ದೆ ಸಿಗಬೇಕಾದರೆ ಈಗ ಜನರ ಬೆಂಬಲ ಬೇಡ, ದೊಡ್ಡವರ ಬೆಂಬಲ ಸಾಕು. ಹಾಗಾಗಿ ಸುಫ್ರಾಗಿಯುಮ್ ಅಂದರೆ ಶಿಫಾರಸು, ನಮ್ಮ ಮಾತಲ್ಲಿ ವಶೀಲಿ, ಎಂದಾಯಿತು. ಶಿಫಾರಸಿಗೆ ದುಡ್ಡು ಕೊಡುವುದು ಶುರುವಾದ ಮೇಲೆ ಆ ದುಡ್ಡಿಗೂ ಅದೇ ಹೆಸರು ಬಂತು. ಕ್ರಿ.ಶ. 535ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹುದ್ದೆಗಾಗಿ ಸುಫ್ರಾಗಿಯುಮ್ ಕೊಡುವುದನ್ನು ನಿಷೇಧಿಸಿ ಕಾನೂನು ಮಾಡಿದ. ಜನರ ಮತ ಎಂದಿದ್ದ ಪದ ಹುದ್ದೆ ಕೊಳ್ಳುವ ಹಣ ಎನ್ನುವಲ್ಲಿಗೆ ಬಂದು ನಿಂತಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಬೇಸರವಾಗಿತ್ತು.

ಪ್ರಾರ್ಥನೆಯ ಸೇತುವೆಯೂ ಇಲ್ಲೇ ಇದೆ. ನಮ್ಮ ಪರವಾಗಿ ಸಂತರು ದೇವರ ಹತ್ತಿರ ಒಂದು ಮಾತು ಹಾಕುವುದೂ ಶಿಫಾರಸೇ ಅಲ್ವಾ? ಮತ, ಶಿಫಾರಸು, ಪ್ರಾರ್ಥನೆ, ಮೂರರಲ್ಲೂ ಇರುವುದು ಒಬ್ಬರ ಪರ ನಿಂತು ಮಾತಾಡುವುದು. ಈ ಎಳೆ ಹಿಡಿದರೆ ಪದ ಎಲ್ಲೂ ಕಡಿದುಹೋಗುವುದಿಲ್ಲ. ಮಂಗಳೂರು, ಮೈಸೂರು ಧರ್ಮಪ್ರಾಂತ್ಯಗಳನ್ನು ಬೆಂಗಳೂರು ಮಹಾಧರ್ಮಪ್ರಾಂತ್ಯದ ‘ಸಫ್ರಗನ್’ ಧರ್ಮಪ್ರಾಂತ್ಯಗಳು ಎನ್ನುತ್ತಾರೆ. ಬೆನ್ನಿಗೆ ನಿಲ್ಲುವುದು ಎಂಬ ಇದೇ ಬೇರಿನ ಪದ ಅದು.

ಐದನೇ ಹೆಜ್ಜೆ: ಬೇರಿನ ತುದಿಯಲ್ಲಿ ‘ಇರಬಹುದು’ ಎಂದು ಬರೆಯಿರಿ

ಸುಫ್ರಾಗಿಯುಮ್ ಪದವನ್ನು ಇನ್ನೂ ಒಡೆದರೆ ‘ಸಬ್’ ಮತ್ತು ‘ಫ್ರಾಗ್’. ಈ ಫ್ರಾಗ್ ಎಲ್ಲಿಂದ ಬಂತು ಎಂಬಲ್ಲಿ ಪಂಡಿತರಿಗೆ ಒಮ್ಮತ ಇಲ್ಲ. ಮುರಿಯುವುದು ಎಂಬ ಅರ್ಥದ ‘ಫ್ರಾಂಗೆರೆ’ಗೆ ಸೇರಿದ್ದು ಎನ್ನುತ್ತಾರೆ. ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಕಾಣುವ ಫ್ರ್ಯಾಕ್ಚರ್ ಅದೇ ಬೇರಿನದು. ಮುರಿದ ಮಡಕೆಯ ಚೂರಿನ ಮೇಲೆ ಮತ ಬರೆಯುತ್ತಿದ್ದರೇನೋ ಎಂಬುದು ಒಂದು ಊಹೆ. ಇನ್ನೊಂದು ಊಹೆಯಲ್ಲಿ ಅದು ‘ಫ್ರಾಗೊರ್’. ಏನಾದರೂ ಮುರಿದಾಗ ಬರುವ ಲಟಕ್ ಎನ್ನುವ ಸದ್ದು, ಅದರಿಂದ ಗದ್ದಲ, ಜನರೆಲ್ಲ ಒಟ್ಟಿಗೆ ‘ಹೌದು’ ಎಂದು ಕೂಗುವ ಸದ್ದು.

ಕೂಗಿ ಆರಿಸುವುದು ಆ ಕಾಲಕ್ಕೆ ಹೊಸದಲ್ಲ. ಗ್ರೀಸ್‌ನ ಸ್ಪಾರ್ಟಾದಲ್ಲಿ ಹಿರಿಯರ ಸಭೆಗೆ ಆಯ್ಕೆ ಹಾಗೇ ನಡೆಯುತ್ತಿತ್ತು ಎಂದು ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಸುಮ್ಮನೆ ನಡೆದು ಹೋಗುತ್ತಾರೆ. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತವರಿಗೆ ಯಾರು ಬಂದರು ಎಂದು ಕಾಣುವುದಿಲ್ಲ. ಎಷ್ಟನೆಯವನಿಗೆ ಕೂಗು ಜೋರಾಗಿತ್ತು ಎಂದಷ್ಟೇ ಅವರು ಬರೆದುಕೊಳ್ಳುತ್ತಾರೆ.

ಇದು ದೂರದ ಕಥೆ ಅನಿಸಿದರೆ ವಿಧಾನಸಭೆಯ ಕಲಾಪ ನೋಡಿ. ಮಸೂದೆ ಮತಕ್ಕೆ ಬಂದಾಗ ಪರ ಇರುವವರು ‘ಹೌದು’, ವಿರೋಧ ಇರುವವರು ‘ಇಲ್ಲ’ ಎನ್ನುತ್ತಾರೆ. ಸಭಾಧ್ಯಕ್ಷರು ಕಿವಿಯಿಂದಲೇ ತೀರ್ಮಾನಿಸುತ್ತಾರೆ. ನಾವು ಅದನ್ನು ‘ಧ್ವನಿಮತ’ ಎನ್ನುತ್ತೇವೆ. ಫ್ರಾಗೊರ್ ಊಹೆ ನಿಜವಾದರೆ ಸಫ್ರೇಜ್ ಪದಕ್ಕೆ ಅತಿ ಹತ್ತಿರದ ಕನ್ನಡ ಪದ ಇದೇ. ಆದರೆ ‘ನಿಜವಾದರೆ’ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬಿಡಬೇಡಿ. ಪದಮೂಲದ ವಿಷಯದಲ್ಲಿ ಚಂದದ ಕಥೆ ಸಿಕ್ಕಿತು ಎಂದು ಅದನ್ನೇ ಸತ್ಯ ಮಾಡುವವರು ತುಂಬ ಜನ. ಲ್ಯಾಟಿನ್ ಪದದವರೆಗೆ ಗಟ್ಟಿ ನೆಲ, ಅಲ್ಲಿಂದ ಕೆಳಗೆ ಊಹೆ.

ಆರನೇ ಹೆಜ್ಜೆ: ಬಾಲ ಬದಲಾದರೆ ಏನಾಗುತ್ತದೆ ನೋಡಿ

ಸಫ್ರಜಿಸ್ಟ್ ಮತ್ತು ಸಫ್ರಜೆಟ್ ಒಂದೇ ಅಲ್ಲ. ಇವನ್ನು ಕಲಸಬೇಡಿ.

ಬ್ರಿಟನ್‌ನಲ್ಲಿ ಹೆಂಗಸರಿಗೂ ಮತದ ಹಕ್ಕು ಬೇಕು ಎಂದು ಮನವಿ, ಸಭೆ, ಮೆರವಣಿಗೆಗಳ ದಾರಿಯಲ್ಲಿ ಕೇಳಿದವರು ಸಫ್ರಜಿಸ್ಟರು. ಮಿಲಿಸೆಂಟ್ ಫಾಸೆಟ್ ಅವರ ದೊಡ್ಡ ನಾಯಕಿ. ಮನವಿಗೆ ಯಾರೂ ಕಿವಿಗೊಡುತ್ತಿಲ್ಲ ಎಂದು ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೇರೆ ಸಂಘ ಕಟ್ಟಿದರು. ಅವರ ದಾರಿ ಜಗಳದ್ದು. ಕಿಟಕಿ ಗಾಜು ಒಡೆದರು, ಜೈಲಿಗೆ ಹೋದರು, ಜೈಲಿನಲ್ಲಿ ಉಪವಾಸ ಕೂತರು. 1906ರಲ್ಲಿ ಡೇಲಿ ಮೇಲ್ ಪತ್ರಿಕೆಯ ಚಾರ್ಲ್ಸ್ ಹ್ಯಾಂಡ್ಸ್ ಇವರನ್ನು ಹಂಗಿಸಲು ‘ಸಫ್ರಜೆಟ್’ ಎಂಬ ಪದ ಹುಟ್ಟಿಸಿದ. ‘ಎಟ್’ ಎಂಬ ಬಾಲ ಫ್ರೆಂಚ್‌ನದು, ಸಣ್ಣದು ಎನ್ನುವುದಕ್ಕೆ ಅಂಟಿಸುವಂಥದ್ದು. ಸಿಗಾರ್ ಸಣ್ಣದಾದರೆ ಸಿಗರೇಟ್ ಆಗುವ ಹಾಗೆ. ಈ ಹೆಂಗಸರು ಆ ಹಂಗಿಸುವ ಪದವನ್ನೇ ಎತ್ತಿಕೊಂಡು ಹೆಸರು ಮಾಡಿಕೊಂಡರು. 1912ರಲ್ಲಿ ತಮ್ಮ ಪತ್ರಿಕೆಗೂ ಅದೇ ಹೆಸರಿಟ್ಟರು.

ಆ ಪತ್ರಿಕೆಯನ್ನು ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹೊರಗೆ ನಿಂತು ಮಾರುತ್ತಿದ್ದವರಲ್ಲಿ ಒಬ್ಬರು ಸೋಫಿಯಾ ದುಲೀಪ್ ಸಿಂಗ್, ಪಂಜಾಬಿನ ರಣಜಿತ್ ಸಿಂಗರ ಮೊಮ್ಮಗಳು. ಮತ ಇಲ್ಲದಿದ್ದರೆ ತೆರಿಗೆಯೂ ಇಲ್ಲ ಎಂದು ಹಟ ಹಿಡಿದರು. ಅಧಿಕಾರಿಗಳು ಅವರ ವಜ್ರದ ಉಂಗುರ ಜಪ್ತಿ ಮಾಡಿ ಹರಾಜು ಹಾಕಿದರು. ಚಳವಳಿಯ ಗೆಳತಿಯೊಬ್ಬರು ಹರಾಜಿನಲ್ಲಿ ಕೊಂಡು ಅವರಿಗೇ ವಾಪಸ್ ಕೊಟ್ಟರು. ತೆರಿಗೆ ಇದೆ, ಮತ ಇಲ್ಲ. ಕಾಪುವಾದ ಜನರ ಸ್ಥಿತಿ ನೆನಪಾಗುತ್ತದೆ ಅಲ್ವಾ?

ಬ್ರಿಟನ್ 1918ರಲ್ಲಿ 30 ದಾಟಿದ, ಆಸ್ತಿಯ ಷರತ್ತಿಗೆ ಒಳಪಟ್ಟ ಹೆಂಗಸರಿಗೆ ಮತ ಕೊಟ್ಟಿತು. ಗಂಡಸರಷ್ಟೇ ವಯಸ್ಸಿಗೆ, ಅಂದರೆ 21ಕ್ಕೆ, ಸಿಕ್ಕಿದ್ದು 1928ರಲ್ಲಿ. ನ್ಯೂಜಿಲೆಂಡ್ 1893ರಲ್ಲೇ ಕೊಟ್ಟಿತ್ತು. ಸ್ವಿಟ್ಜರ್ಲೆಂಡಿನಲ್ಲಿ ದೇಶಮಟ್ಟದ ಚುನಾವಣೆಗೆ 1971ರವರೆಗೆ ಕಾಯಬೇಕಾಯಿತು.

ನಮ್ಮಲ್ಲಿ 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದ ಮಹಿಳೆಯರ ನಿಯೋಗ ಮದ್ರಾಸಿನಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗು ಅವರನ್ನು ಕಂಡು ಇದೇ ಬೇಡಿಕೆ ಇಟ್ಟಿತು. ಮದ್ರಾಸ್ ಪ್ರಾಂತ್ಯ 1921ರಲ್ಲಿ ಹೆಂಗಸರಿಗೆ ಮತ ಕೊಟ್ಟಿತು, ಆಸ್ತಿಯ ಷರತ್ತಿನ ಜೊತೆಗೇ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಆ ಪ್ರಾಂತ್ಯದ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲೇ ಸೋತರು.

ಏಳನೇ ಹೆಜ್ಜೆ: ನೆರೆಹೊರೆಯ ಪದಗಳು

ಇದನ್ನು ಬೇಗ ಮುಗಿಸಬಹುದು. ವೋಟ್ ಲ್ಯಾಟಿನ್‌ನ ‘ವೋಟುಮ್’ನಿಂದ ಬಂದದ್ದು, ಹರಕೆ, ಆಸೆ ಎಂದು ಅರ್ಥ. ಬ್ಯಾಲೆಟ್ ಇಟಾಲಿಯನ್‌ನಲ್ಲಿ ಸಣ್ಣ ಗುಂಡು; ವೆನಿಸ್‌ನಲ್ಲಿ ಗುಂಡು ಹಾಕಿ ಮತ ಎಣಿಸುತ್ತಿದ್ದರು. ಕ್ಯಾಂಡಿಡೇಟ್ ಅಂದರೆ ಬಿಳಿ ಬಟ್ಟೆಯವನು. ರೋಮ್‌ನಲ್ಲಿ ಚುನಾವಣೆಗೆ ನಿಂತವರು ಸೀಮೆಸುಣ್ಣ ಹಚ್ಚಿ ಬೆಳ್ಳಗೆ ಮಾಡಿದ ಮೇಲುಡುಪು ಹಾಕುತ್ತಿದ್ದರು. ನಮ್ಮ ಬಿಳಿ ಖಾದಿ ನೆನಪಾದರೆ ತಪ್ಪಿಲ್ಲ.

ಸಫ್ರೇಜ್‌ಗೆ ನಿಜವಾದ ಜೋಡಿ ‘ಫ್ರಾಂಚೈಸ್’. ಐಪಿಎಲ್ ತಂಡಗಳನ್ನು ಫ್ರಾಂಚೈಸಿ ಎನ್ನುತ್ತೇವಲ್ಲ, ಅದೇ. ಹಳೆಯ ಫ್ರೆಂಚ್‌ನಲ್ಲಿ ಸ್ವಾತಂತ್ರ್ಯ, ಒಂದು ಕೆಲಸಕ್ಕೆ ಸಿಕ್ಕ ವಿಶೇಷ ಅನುಮತಿ ಎಂಬ ಅರ್ಥವಿತ್ತು. ಮತದ ಹಕ್ಕಿಗೂ ತಂಡ ನಡೆಸುವ ಹಕ್ಕಿಗೂ ಒಂದೇ ಪದ ಬಂದದ್ದು ಹಾಗೆ. ಚುನಾವಣೆಯ ಮಾತು ಬಂದಾಗ ಎರಡನ್ನೂ ‘ಮತಾಧಿಕಾರ’ ಎಂದೇ ಬರೆಯಬಹುದು.

ಎಂಟನೇ ಹೆಜ್ಜೆ: ಕನ್ನಡದಲ್ಲಿ ಬರೆಯುವಾಗ

ಒಂದು ಸುಲಭದ ಪರೀಕ್ಷೆ ಇದೆ. ವಾಕ್ಯದ ಮುಂದೆ ‘ನಾಳೆ’ ಸೇರಿಸಿ. ‘ನಾಳೆ ಮತದಾನ’ ಎನ್ನಬಹುದು, ಏಕೆಂದರೆ ಅದು ಒಂದು ದಿನ ನಡೆಯುವ ಕೆಲಸ. ‘ನಾಳೆ ಮತಾಧಿಕಾರ’ ಎನ್ನಲು ಬರುವುದಿಲ್ಲ. ನೀವು ತರ್ಜುಮೆ ಮಾಡುತ್ತಿರುವ ಸಾಲು ಒಂದು ದಿನದ ಕೆಲಸದ ಬಗ್ಗೆಯೋ, ಸದಾ ಇರುವ ಹಕ್ಕಿನ ಬಗ್ಗೆಯೋ ನೋಡಿ. ಹಕ್ಕಿನ ಬಗ್ಗೆ ಆದರೆ ಸಫ್ರೇಜ್‌ಗೆ ಮತಾಧಿಕಾರ, ಅಥವಾ ಮತದ ಹಕ್ಕು. ‘ಯೂನಿವರ್ಸಲ್ ಅಡಲ್ಟ್ ಸಫ್ರೇಜ್’ ಸಾರ್ವತ್ರಿಕ ವಯಸ್ಕ ಮತಾಧಿಕಾರ. ಸಫ್ರಜೆಟ್ ಪದವನ್ನು ಹಾಗೇ ಇಟ್ಟು ಒಂದು ಸಾಲು ವಿವರಣೆ ಕೊಡಿ.

ಮತದಾನ ಎಂಬ ಪದದಲ್ಲಿ ‘ದಾನ’ ಇರುವುದು ನನ್ನನ್ನು ಯಾವಾಗಲೂ ಕಾಡುತ್ತದೆ. ದಾನ ಅಂದರೆ ಧಾರೆ ಎರೆದು ಕೊಟ್ಟುಬಿಡುವುದು, ಆಮೇಲೆ ಅದು ನಮ್ಮದಲ್ಲ. ಆದರೆ ಓಟು ಹಾಕಿ ಮನೆಗೆ ಬಂದ ಮೇಲೂ ಮತಾಧಿಕಾರ ನಮ್ಮ ಹತ್ತಿರವೇ ಇರುತ್ತದೆ. ನಮ್ಮ ಪತ್ರಿಕೆಗಳು ‘ಹಕ್ಕು ಚಲಾಯಿಸಿದರು’ ಎಂದು ಬರೆಯುತ್ತವಲ್ಲ, ಆ ಮಾತು ಎಷ್ಟು ಸರಿ! ಹಕ್ಕು ಇತ್ತು, ಅದನ್ನು ಚಲಾಯಿಸಿದರು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ 1962ರಿಂದ ದೇಶದ ಚುನಾವಣೆಗಳಲ್ಲಿ ಬೆರಳಿಗೆ ಬೀಳುತ್ತಿರುವ ಶಾಯಿ ಮತದಾನದ ಗುರುತು. ಉಗುರು ಬೆಳೆದಂತೆ ಅದು ಹೋಗುತ್ತದೆ. ಮತಾಧಿಕಾರದ ಗುರುತು ಪಟ್ಟಿಯಲ್ಲಿರುವ ಹೆಸರು.

ಅದಕ್ಕೇ 1951-52ರ ಮೊದಲ ಮಹಾಚುನಾವಣೆಯ ಒಂದು ಸಂಗತಿಯನ್ನು ಅವತ್ತು ಅವಳಿಗೆ ಕೊನೆಗೆ ಹೇಳಿದೆ. ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬರಲೇಬೇಕು ಎಂದರು. ಕೊನೆಗೂ ಹೆಸರು ಸಿಗದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಬಿದ್ದರು. 326ನೇ ವಿಧಿಯ ಹಕ್ಕು ಅವರಿಗೂ ಇತ್ತು, ಆದರೆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಹಾಳೆ ಎಳೆದುಕೊಂಡು ‘ನರಳಾಟದ’ ಎಂಬುದನ್ನು ಹೊಡೆದು ಹಾಕಿ, ಅದರ ಮೇಲೆ ಸಣ್ಣಕ್ಷರದಲ್ಲಿ ‘ಮತಾಧಿಕಾರದ’ ಎಂದು ಬರೆದಳು. ಅವಳಿಗೆ ಆಗಷ್ಟೇ 18 ತುಂಬಿತ್ತು. “ಮಾಮ, ನನ್ನ ಹೆಸರು ಸೇರಿಸೋಕೆ ಯಾವ ಫಾರಂ?” ಎಂದು ಕೇಳಿದಳು. ನಮೂನೆ 6 ಎಂದು ಹೇಳಿದೆ.